ಕೋಳಿ ಅಂದ್ರೆ ಭಯವೇ? ಹತ್ತು ಮರಿಗಳಿಂದ ಶುರು ಮಾಡಿ



ಹಿತ್ತಲ ಕೋಳಿ ಸಾಕಣೆಗೆ ಯಾರ್ಯಾರು ಸಾಲ ತೆಗೆದುಕೊಳ್ಳುತ್ತೀರಿ ಎಂದು ಸಭೆಯಲ್ಲಿ ಕೇಳಿದಾಗ ಒಬ್ಬ ತಂಗಿ ಕೈ ಎತ್ತಿ ಮತ್ತೆ ಇಳಿಸಿಬಿಟ್ಟಳು. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಅಕ್ಕಾ, ನಂಗೆ ಕೋಳಿ ಅಂದ್ರೆ ಹೆದರಿಕೆ. ರೆಕ್ಕೆ ಬಡಿದ್ರೆ ಜೀವ ಹೋದ ಹಾಗಾಗುತ್ತೆ" ಅಂದಳು. ಪಕ್ಕದಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಚಿಕ್ಕಂದಿನಲ್ಲಿ ಹುಂಜವೊಂದು ನನ್ನ ಬೆನ್ನ ಮೇಲೆ ಹಾರಿ ಕಾಲಿನ ಮುಳ್ಳಿನಿಂದ ಗೀರಿತ್ತು. ಆ ಅಳುಕು ದೊಡ್ಡವಳಾದ ಮೇಲೂ ಹೋಗಿರಲಿಲ್ಲ.

ಆ ಅಳುಕಿಗೆ ನಾನು ತೆತ್ತ ಬೆಲೆಯನ್ನು ಮೊದಲು ಹೇಳುತ್ತೇನೆ. ಮೊದಲ ಸಲ ಕೋಳಿ ತಂದಾಗ ಕಾಳು ಎಸೆದು ದೂರ ನಿಲ್ಲುತ್ತಿದ್ದೆ. ಒಂದನ್ನೂ ಕೈಯಲ್ಲಿ ಹಿಡಿಯಲಿಲ್ಲ. ಎಂಟನೇ ವಾರದ ಚುಚ್ಚುಮದ್ದಿಗೆ ಹಿಡಿದುಕೊಂಡು ಬನ್ನಿ ಎಂದಾಗ, 'ಮುಂದಿನ ವಾರ ನೋಡೋಣ' ಎಂದು ಎರಡು ಸಲ ತಪ್ಪಿಸಿದೆ. ಅಷ್ಟರಲ್ಲಿ ಕೊಕ್ಕರೆ ರೋಗ ಬಂತು. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಟ, ಕುತ್ತಿಗೆ ತಿರುಚಿಕೊಳ್ಳುವುದು. ನಾಲ್ಕೈದು ದಿನದಲ್ಲಿ ಗೂಡು ಖಾಲಿ. ಈ ರೋಗ ಬಂದ ಮೇಲೆ ಔಷಧಿ ಇಲ್ಲ, ಬರದ ಹಾಗೆ ಲಸಿಕೆ ಹಾಕಿಸುವುದೊಂದೇ ದಾರಿ. ಲಸಿಕೆ ಹಾಕಬೇಕಾದರೆ ಕೋಳಿಯನ್ನು ಹಿಡಿಯಲೇಬೇಕು. ಆದ್ದರಿಂದ ಗೂಡು ಕಟ್ಟುವುದಕ್ಕಿಂತ ಮೊದಲು ಹಿಡಿಯುವುದನ್ನು ಕಲಿಯಿರಿ.

ಭಯ ಇರುವವರು ಬೆಳೆದ ಕೋಳಿ ತರಬೇಡಿ. ಮರಿಯಿಂದಲೇ ಶುರು ಮಾಡಿ. ಆರೈಕೆ ಹೆಚ್ಚು ಬೇಕು ನಿಜ, ಆದರೆ ಅಂಗೈಯಲ್ಲಿ ಕೂರುವ ಹತ್ತಿ ಉಂಡೆಯಂಥ ಮರಿಗೆ ಯಾರು ಹೆದರುತ್ತಾರೆ? ಅದು ಬೆಳೆದಂತೆ ನಿಮ್ಮ ಧೈರ್ಯವೂ ಬೆಳೆಯುತ್ತದೆ. ಹತ್ತು ಮರಿ ಸಾಕು, ಐವತ್ತರ ಆಸೆ ಈಗ ಬೇಡ. ಹುಂಜ ಇಲ್ಲದೆ ಮೊಟ್ಟೆ ಇಡುತ್ತಾ ಎಂದು ಕೇಳುವವರಿದ್ದಾರೆ. ಇಡುತ್ತದೆ. ಆ ಮೊಟ್ಟೆಯಿಂದ ಮರಿ ಆಗುವುದಿಲ್ಲ ಅಷ್ಟೆ. ಮರಿಗಳಲ್ಲಿ ಹುಂಜ ಬಂದರೆ ಜಗಳಗಂಟನಾಗುವ ಮೊದಲೇ ಮಾರಿಬಿಡಿ.

ತಳಿಯ ವಿಷಯ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿ 1989ರಲ್ಲಿ ಬಿಡುಗಡೆಯಾದ ಗಿರಿರಾಜ ನಮ್ಮಲ್ಲಿ ಹೆಸರಾದದ್ದು. ಚೆನ್ನಾಗಿ ಸಾಕಿದರೆ ವರ್ಷಕ್ಕೆ 130ರಿಂದ 150 ಮೊಟ್ಟೆ. ಅಲ್ಲಿಂದಲೇ 2005ರಲ್ಲಿ ಬಂದ ಸ್ವರ್ಣಧಾರ ತಳಿ 180ರಷ್ಟು ಇಡುತ್ತದೆ. ಮೈ ಹಗುರ ಇರುವುದರಿಂದ ಕಾಡುಬೆಕ್ಕು ಬಂದರೆ ತಪ್ಪಿಸಿಕೊಳ್ಳುವುದೂ ಸುಲಭ. ಕಾಡಂಚಿನ ಮನೆಯವರಿಗೆ ನಾನು ಇದನ್ನೇ ಹೇಳುವುದು. ಇವು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಮರಿ ಬೇಕಾದರೆ ಊರ ಹೇಂಟೆಯ ಕೆಳಗೆ ಇಡಬೇಕು, ಇಲ್ಲವೇ ಹೊಸದಾಗಿ ತರಬೇಕು.

ಮರಿ ಬರುವ ಹಿಂದಿನ ದಿನವೇ ಜಾಗ ಸಿದ್ಧ ಇರಲಿ. ದೊಡ್ಡ ರಟ್ಟಿನ ಪೆಟ್ಟಿಗೆ, ಅಡಿಗೆ ಎರಡು ಇಂಚು ಭತ್ತದ ಹೊಟ್ಟು. ನುಣುಪು ಕಾಗದ ಮಾತ್ರ ಹಾಸಬೇಡಿ, ಕಾಲು ಜಾರಿ ಮರಿ ಕುಂಟಾಗುತ್ತದೆ. ಮೇಲೆ 60 ವ್ಯಾಟಿನ ಹಳೇ ಮಾದರಿಯ ಬಲ್ಬು ನೇತುಹಾಕಿ. ಈಗ ಎಲ್ಲರ ಮನೆಯಲ್ಲಿರುವ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಮರಿಗಳೆಲ್ಲ ಬಲ್ಬಿನ ಕೆಳಗೆ ಒತ್ತಿಕೊಂಡರೆ ಚಳಿ ಎಂದರ್ಥ, ಬಲ್ಬು ಇಳಿಸಿ. ಮೂಲೆಗೆ ಓಡಿ ಬಾಯಿ ಬಿಟ್ಟರೆ ಸೆಕೆ, ಏರಿಸಿ. ಹರಡಿಕೊಂಡು ತಿನ್ನುತ್ತಿದ್ದರೆ ಸರಿಯಾಗಿದೆ. ನೀರಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿ, ಮುಳುಗಿ ಸಾಯುವುದು ತಪ್ಪುತ್ತದೆ.

ಇನ್ನು ಅಭ್ಯಾಸ. ಮೊದಲ ದಿನ ಅಂಗೈಯಲ್ಲಿ ನುಚ್ಚು ಇಟ್ಟುಕೊಂಡು ಸುಮ್ಮನೆ ಕುಕ್ಕರಗಾಲಲ್ಲಿ ಕೂತಿರಿ. ನಿಂತು ಬಗ್ಗಿದರೆ ಅವಕ್ಕೆ ಮೇಲಿಂದ ಹದ್ದು ಎರಗಿದ ಹಾಗೆ ಕಾಣುತ್ತದೆ, ಓಡುತ್ತವೆ, ಕಿರುಚುತ್ತವೆ, ನೀವೂ ಬೆಚ್ಚುತ್ತೀರಿ. 'ಬಾ ಬಾ ಬಾ' ಎಂದು ಒಂದೇ ದನಿಯಲ್ಲಿ ಕರೆಯಿರಿ. ಮರಿ ಕುಕ್ಕಿದರೆ ಕಚಗುಳಿ ಇಟ್ಟಂತೆ, ನೋವಿಲ್ಲ. ದಿನಕ್ಕೆ ಒಂದೊಂದನ್ನು ಎರಡು ಕೈಯಲ್ಲಿ ಎತ್ತಿ ಇಳಿಸಿ. ಬೆಳೆದ ಮೇಲೆ ಹೊಳೆಯುವ ಕಾಲುಂಗುರ, ಬಳೆ ಕಂಡರೆ ಕಾಳೆಂದು ಕುಕ್ಕುವುದುಂಟು. ಅದು ಸಿಟ್ಟಲ್ಲ, ಹೊಟ್ಟೆಬಾಕತನ!

ದೊಡ್ಡ ಕೋಳಿಯನ್ನು ಹಗಲಲ್ಲಿ ಅಟ್ಟಿಸಿಕೊಂಡು ಹೋಗಬೇಡಿ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಕಾಣದು, ಗೂಡಿನಲ್ಲಿ ಮಂಕಾಗಿ ಕೂತಿರುತ್ತದೆ. ಆಗ ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಎತ್ತಿ. ಒಂದು ಕೈ ಎದೆಯ ಕೆಳಗೆ, ಕಾಲುಗಳು ಬೆರಳ ಸಂದಿಯಲ್ಲಿ, ತಲೆ ನಿಮ್ಮ ಮೊಣಕೈ ಕಡೆಗೆ. ರೆಕ್ಕೆ ಬಡಿಯಲು ಆಗದಿದ್ದರೆ ಅರ್ಧ ಭಯ ಅಲ್ಲೇ ಮುಗಿಯಿತು. ಹೀಗೆ ಹಿಡಿದಾಗ ರೆಕ್ಕೆಯಡಿ ಹೇನಿದೆಯೇ, ಎದೆಮೂಳೆ ಚೂಪಾಗಿ ಕೈಗೆ ತಾಗಿ ಕೋಳಿ ಬಡಕಲಾಗಿದೆಯೇ ಎಂದೂ ತಿಳಿಯುತ್ತದೆ. ದೂರ ನಿಂತು ನೋಡಿದರೆ ಇದು ಗೊತ್ತಾಗುವುದಿಲ್ಲ.

ಲಸಿಕೆ ಮರೆಯಬಾರದು. ಮರಿಗೆ 5ರಿಂದ 7 ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ, ನಾಲ್ಕನೇ ವಾರ ಇನ್ನೊಮ್ಮೆ. ಎರಡನೇ ವಾರ ಗುಂಬೋರೋ ಲಸಿಕೆ. ಎಂಟನೇ ವಾರ ನಾನು ತಪ್ಪಿಸಿದ ಆ ಚುಚ್ಚುಮದ್ದು. ಒಂದು ಸೀಸೆಯಲ್ಲಿ ಹಲವು ಮನೆಯ ಕೋಳಿಗಳಿಗೆ ಆಗುವಷ್ಟು ಮದ್ದಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಅಕ್ಕಪಕ್ಕದವರು ಒಟ್ಟಿಗೆ ದಿನ ಗೊತ್ತು ಮಾಡಿ, ಪಶು ಆಸ್ಪತ್ರೆಯಲ್ಲಿ ಮೊದಲೇ ತಿಳಿಸಿ. ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿ ತನ್ನಿ. ಹಿಡಿಯಲು ಹೆದರುವವರಿಗೆ ಅವತ್ತು ಪಕ್ಕದ ಮನೆಯಾಕೆಯ ಕೈಯೂ ಸಿಗುತ್ತದೆ.

ಒಂದು ಸಲ ಗೂಡು ಖಾಲಿಯಾದವರು ಗಡಿಬಿಡಿ ಮಾಡಬೇಡಿ. ಸತ್ತ ಕೋಳಿಗಳನ್ನು ಆಳಕ್ಕೆ ಸುಣ್ಣ ಹಾಕಿ ಹೂಳಿ. ಹಳೇ ಹೊಟ್ಟನ್ನು ಸುಟ್ಟು, ಗೂಡು ತೊಳೆದು ಸುಣ್ಣ ಬಳಿದು ಕೆಲವು ವಾರ ಬಿಸಿಲಿಗೆ ಖಾಲಿ ಬಿಡಿ. ನಾನು ಹಾಗೆ ಬಿಟ್ಟು ಮತ್ತೆ ಹತ್ತು ಮರಿ ತಂದೆ. ಈ ಸಲ ಎಂಟನೇ ವಾರ ಎಲ್ಲವನ್ನೂ ನಾನೇ ಹಿಡಿದುಕೊಟ್ಟೆ. ಮೊದಲನೆಯದಕ್ಕೆ ಕೈ ನಡುಗಿತು, ನಾಲ್ಕನೆಯದಕ್ಕೆ ನಿಂತಿತು.

ಸಭೆಯಲ್ಲಿ ಕೈ ಇಳಿಸಿದ ತಂಗಿ ಈಗ ಸಂಜೆ ಹೊತ್ತು ನಮ್ಮ ಗೂಡಿಗೆ ಬಂದು ಹಿಡಿಯುವುದನ್ನು ಕಲಿಯುತ್ತಿದ್ದಾಳೆ. ಸಾಲದ ಅರ್ಜಿ ಇನ್ನೂ ತುಂಬಿಲ್ಲ. ಅವಸರ ಇಲ್ಲ ಎಂದಿದ್ದೇನೆ.