ಮನೆಯ ಬೇಲಿ ಮತ್ತು ಆವರಣ ಗೋಡೆ: ಅನುಮತಿಗೆ ಮುನ್ನ ಅರಿಯಬೇಕಾದುದು



ಊರಿನ ಓಣಿ ಒಂದೇ ದಿನದಲ್ಲಿ ಕಿರಿದಾಗುವುದಿಲ್ಲ. ಒಬ್ಬರು ಗೋಡೆಯನ್ನು ಒಂದು ಅಡಿ ಮುಂದಕ್ಕೆ ಕಟ್ಟುತ್ತಾರೆ. ಎದುರು ಮನೆಯವರು ಅದನ್ನೇ ತೋರಿಸಿ ಮತ್ತೊಂದು ಅಡಿ ಮುಂದೆ ಬರುತ್ತಾರೆ. ಕೊನೆಗೆ ಆಂಬುಲೆನ್ಸ್ ಒಳಬರಲಾರದ ಸ್ಥಿತಿ ಒದಗಿದಾಗ ಜನರು ಪ್ರಶ್ನಿಸುವುದು ಪಂಚಾಯಿತಿಯನ್ನೇ.

ಅಧಿಕಾರ ಯಾರದು? ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ಪಟ್ಟಣಗಳೊಳಗಿನ ನಿವೇಶನಗಳಿಗೆ ಆಯಾ ನಗರ ಸ್ಥಳೀಯ ಸಂಸ್ಥೆಯೇ ಅನುಮತಿ ನೀಡತಕ್ಕದ್ದು. ಗ್ರಾಮಗಳಲ್ಲಿ ಕಟ್ಟಡ ನಿರ್ಮಾಣಕ್ಕೆ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಅವಶ್ಯ. ಸದಸ್ಯರೊಬ್ಬರು ಬಾಯಿಮಾತಿನಲ್ಲಿ “ಕಟ್ಟಿಕೊಳ್ಳಿ” ಎಂದರೆ ಅದು ಅನುಮತಿಯಾಗುವುದಿಲ್ಲ. ಅರ್ಜಿಯನ್ನು ಸುಮ್ಮನೆ ಇಟ್ಟುಕೊಳ್ಳುವುದೂ ತರವಲ್ಲ. ನಿಗದಿತ ಅವಧಿಯೊಳಗೆ ತೀರ್ಮಾನ ತಿಳಿಸದಿದ್ದಲ್ಲಿ ಅನುಮತಿ ದೊರೆತಂತೆಯೇ ಭಾವಿಸಲು ಅವಕಾಶವಿದೆ.

ಮುಳ್ಳುಬೇಲಿ, ತಂತಿಬೇಲಿಗಳು ಗೋಡೆಯಷ್ಟು ಭದ್ರವಲ್ಲದಿರಬಹುದು. ಆದರೆ ಬೇಲಿ ಹಗುರವೆಂದು ಅತಿಕ್ರಮಣ ಹಗುರವಾಗದು. ಸಾರ್ವಜನಿಕ ರಸ್ತೆಯ ಮೇಲಿನ ಅಡೆತಡೆಯನ್ನು ತೆರವುಗೊಳಿಸುವ ಅಧಿಕಾರ ಪಂಚಾಯಿತಿಗೆ ಇದೆ.

ಅರ್ಜಿ ಬಂದಾಗ ಗಮನಿಸಬೇಕಾದ ಅಂಶಗಳು:

1. ಇ-ಸ್ವತ್ತು ತಂತ್ರಾಂಶದ ನಮೂನೆಯಲ್ಲಿರುವ ಅಳತೆ ಮತ್ತು ಚಕ್ಕುಬಂದಿಯನ್ನು ಸ್ಥಳದೊಂದಿಗೆ ತಾಳೆ ನೋಡಬೇಕು.

2. ಅಡಿಪಾಯಕ್ಕೆ ಮೊದಲೇ, ನೆರೆಯವರ ಸಮಕ್ಷಮದಲ್ಲಿ ಹಗ್ಗ ಹಿಡಿದು ಗಡಿ ಗುರುತಿಸುವುದು ಲೇಸು. ಎರೆಭೂಮಿಯಲ್ಲಿ ಅಡಿಪಾಯವನ್ನು ಗೋಡೆಗಿಂತ ಅಗಲವಾಗಿ ತೆಗೆಯುವುದುಂಟು. ಆ ಅಗಲವೂ ಅರ್ಜಿದಾರರ ಗಡಿಯೊಳಗೇ ಇರಬೇಕು.

3. ಚರಂಡಿ, ನೀರಿನ ಕೊಳವೆ ಮತ್ತು ಮಳೆನೀರು ಹರಿಯುವ ದಾರಿ ಮುಚ್ಚಬಾರದು.

4. ಬೀದರ್ ಕೋಟೆ, ಅಷ್ಟೂರಿನ ಬಹಮನಿ ಸಮಾಧಿಗಳಂತಹ ಕೇಂದ್ರ ಸಂರಕ್ಷಿತ ಸ್ಮಾರಕಗಳ ಸಮೀಪವಾದರೆ ಪಂಚಾಯಿತಿಯ ಅನುಮತಿಯೊಂದೇ ಸಾಲದು. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಗಿನ 200 ಮೀಟರ್‌ನಲ್ಲಿ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಬೇಕು.

ನೆನಪಿಡಬೇಕಾದ ಇನ್ನೊಂದು ಮಾತು: ಪಂಚಾಯಿತಿಯ ಅನುಮತಿ ಜಾಗದ ಒಡೆತನವನ್ನು ನಿರ್ಣಯಿಸುವುದಿಲ್ಲ. ಒಡೆತನದ ತಕರಾರನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯದ ಕೆಲಸ. ಆದಕಾರಣ ಸದಸ್ಯರು ಒಂದು ಪಕ್ಷ ವಹಿಸದೆ ದಾಖಲೆ ಮತ್ತು ಅಳತೆಗಳನ್ನು ಮುಂದಿಟ್ಟು ಮಾತನಾಡಬೇಕು.

ಅಭ್ಯಾಸ: ತಮ್ಮ ವಾರ್ಡಿನ ಅತಿ ಕಿರಿದಾದ ಓಣಿಯನ್ನು ಅಳೆದು, ದಾಖಲೆಯಲ್ಲಿನ ಅಗಲದೊಂದಿಗೆ ಹೋಲಿಸಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಿರಿ.