ಮೈಲುತುತ್ತ: ಬಳ್ಳಿಗೆ ಕಾವಲು, ಮನುಷ್ಯನಿಗೆ ಎಚ್ಚರಿಕೆ



ಹಡಗಿನ ತಳಕ್ಕೂ ದ್ರಾಕ್ಷಿಯ ಎಲೆಗೂ ಏನು ಸಂಬಂಧ? ಎರಡನ್ನೂ ಕಾಯುವುದು ತಾಮ್ರ. 1761ರಲ್ಲಿ ಬ್ರಿಟಿಷ್ ನೌಕಾದಳವು ಮರದ ಹಡಗೊಂದರ ತಳಕ್ಕೆ ತಾಮ್ರದ ತಗಡು ಹೊದಿಸಿ, ಮರ ಕೊರೆಯುವ ಹುಳುಗಳನ್ನು ತಡೆಯಲು ಯತ್ನಿಸಿತು. ಇಂದು ಅದೇ ಕೆಲಸಕ್ಕೆ ತಾಮ್ರ ಬೆರೆತ ಬಣ್ಣವಿದೆ. ಬಣ್ಣ ಸವೆದರೆ ಮತ್ತೆ ಬಳಿಯಲೇಬೇಕು. ದ್ರಾಕ್ಷಿಗೆ ಹೊಡೆಯುವ ಬೋರ್ಡೊ ದ್ರಾವಣವೂ ಹೀಗೆಯೇ.

ತೇನಿ ಜಿಲ್ಲೆಯ ಕಂಬಂ ಕಣಿವೆಯು ಪನ್ನೀರ್ ದ್ರಾಕ್ಷಿಗೆ ಹೆಸರಾದುದು. ಈ ತಳಿಯನ್ನು 1832ರಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ತಮಿಳುನಾಡಿಗೆ ತಂದರೆಂದು ಹೇಳುತ್ತಾರೆ. 2023ರಲ್ಲಿ ಇದಕ್ಕೆ ಭೌಗೋಳಿಕ ಗುರುತು ದೊರೆಯಿತು. ಮಳೆಗಾಲದಲ್ಲಿ ಈ ಬಳ್ಳಿಯ ದೊಡ್ಡ ಶತ್ರು ಬೂಜು ತುಪ್ಪಟ ರೋಗ. ಇದರ ಮದ್ದು ಸಿಕ್ಕಿದ್ದೂ ಫ್ರಾನ್ಸಿನಲ್ಲೇ. ಹಣ್ಣು ಕದಿಯುವವರನ್ನು ದೂರವಿಡಲು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚಿದ್ದರು. ಆ ಬಳ್ಳಿಗಳ ಎಲೆ ಮಾತ್ರ ಉದುರದಿದ್ದುದನ್ನು 1882ರಲ್ಲಿ ಮಿಲ್ಲಾರ್ಡೆ ಎಂಬ ವಿಜ್ಞಾನಿ ಗಮನಿಸಿದರು.

ತಯಾರಿಸುವ ಕ್ರಮ (ಶೇಕಡಾ 1)

1. ಒಂದು ಕಿಲೋ ಮೈಲುತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಕರಗಿಸಿರಿ. ಕಬ್ಬಿಣದ ಪಾತ್ರೆ ಬೇಡ. ತಾಮ್ರ ಕಬ್ಬಿಣಕ್ಕೆ ಅಂಟಿ, ಪಾತ್ರೆಯೂ ಮದ್ದೂ ಕೆಡುತ್ತವೆ.
2. ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಅರಳಿಸಿ, ಬಟ್ಟೆಯಲ್ಲಿ ಸೋಸಿ, ಬೇರೆ ಡ್ರಮ್ಮಿನಲ್ಲಿ 50 ಲೀಟರ್ ಮಾಡಿರಿ.
3. ಸುಣ್ಣದ ನೀರನ್ನು ಕಲಕುತ್ತಾ ಅದಕ್ಕೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿಯಿರಿ.
4. ಹೊಳೆಯುವ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿರಿ. ಕೆಂಪು ಬಣ್ಣ ಹತ್ತಿದರೆ ಸುಣ್ಣದ ನೀರು ಇನ್ನಷ್ಟು ಸೇರಿಸಿರಿ. ಇಲ್ಲವಾದರೆ ಎಲೆ ಸುಡುತ್ತದೆ.
5. ಅಂದೇ ಬಳಸಿರಿ. ಬೇರೆ ಔಷಧಿ ಬೆರೆಸಬೇಡಿರಿ.

ಒಂದು ಮಾತು ನೆನಪಿರಲಿ: ತಾಮ್ರ ವೈದ್ಯನಲ್ಲ, ಕಾವಲುಗಾರ. ರೋಗಾಣು ಎಲೆಯೊಳಗೆ ಹೊಕ್ಕ ಮೇಲೆ ಅದು ಗುಣಪಡಿಸದು. ಆದ್ದರಿಂದ ಮಳೆಗೆ ಮುಂಚೆ, ಎಲೆಯ ಅಡಿಭಾಗಕ್ಕೂ ತಾಗುವಂತೆ ಹೊಡೆಯಿರಿ. ಜೋರು ಮಳೆ ಲೇಪವನ್ನು ತೊಳೆದರೆ, ಇಲ್ಲವೇ ಹೊಸ ಚಿಗುರು ಬಂದರೆ, ಮತ್ತೆ ಹೊಡೆಯಬೇಕು. ಹೂ ಬಿಟ್ಟಾಗ ಮತ್ತು ಹಣ್ಣು ಮಾಗುವಾಗ ಬೇಡ.

ಆದರೆ ಹೆಚ್ಚು ಹೊಡೆದರೆ ಹೆಚ್ಚು ಲಾಭವೆಂದು ತಿಳಿಯಬೇಡಿರಿ. ತಾಮ್ರ ಕೊಳೆಯುವುದಿಲ್ಲ, ಮಣ್ಣಿನಲ್ಲೇ ಉಳಿದು ಎರೆಹುಳುಗಳಿಗೆ ಕೇಡು ಮಾಡುತ್ತದೆ. ಯುರೋಪಿನಲ್ಲಿ 2019ರಿಂದ ಹೆಕ್ಟೇರಿಗೆ 7 ವರ್ಷಗಳಲ್ಲಿ 28 ಕಿಲೋ ತಾಮ್ರದ ಮಿತಿ ಇಟ್ಟಿದ್ದಾರೆ. ಮೈಲುತುತ್ತದಲ್ಲಿ ತಾಮ್ರ ಕಾಲು ಭಾಗ. ಲೆಕ್ಕ ಹಾಕಿದರೆ ಎಕರೆಗೆ ವರ್ಷಕ್ಕೆ ಸುಮಾರು ಆರೂವರೆ ಕಿಲೋ ಮೈಲುತುತ್ತವಾಯಿತು. ನೀವು ಎಷ್ಟು ಹಾಕುತ್ತೀರಿ, ಬರೆದಿಡಿರಿ.

ಆರೋಗ್ಯದ ಮಾತು

ಚಪ್ಪರದ ತೋಟದಲ್ಲಿ ಮದ್ದು ಹೊಡೆಯುವವನು ಮುಖ ಮೇಲೆತ್ತಿ ನಿಂತಿರುತ್ತಾನೆ. ಹನಿಗಳು ಅವನ ಕಣ್ಣು, ಮೂಗಿಗೇ ಬೀಳುತ್ತವೆ. ವರ್ಷಗಟ್ಟಲೆ ಬೋರ್ಡೊ ದ್ರಾವಣ ಹೊಡೆದ ಕೂಲಿಗಾರರ ಶ್ವಾಸಕೋಶ ಕೆಟ್ಟು, ಅದರಲ್ಲಿ ತಾಮ್ರ ಸೇರಿದ್ದನ್ನು ಪೋರ್ಚುಗಲ್ಲಿನ ವೈದ್ಯರು 1969ರಲ್ಲಿ ವರದಿ ಮಾಡಿದರು. ಹೆಗಲ ಟವೆಲ್ ಕಟ್ಟಿಕೊಂಡರೆ ಸಾಲದು. ಒಳ್ಳೆಯ ಮುಖಗವಸು, ಕನ್ನಡಕ, ಟೋಪಿ, ಕೈಗವಸು, ತುಂಬುತೋಳಿನ ಅಂಗಿ ಬೇಕು. ಗಾಳಿಗೆ ಎದುರಾಗಿ ಹೊಡೆಯಬಾರದು. ಕಟ್ಟಿದ ನಾಜಲನ್ನು ಬಾಯಿಂದ ಊದಬಾರದು. ಕೈ ಮುಖ ತೊಳೆಯದೆ ಊಟ, ಬೀಡಿ ಬೇಡ.

ಕಣ್ಣಿಗೆ ಬಿದ್ದರೆ 15 ನಿಮಿಷ ಶುದ್ಧ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಿರಿ. ನೀಲಿ ಹರಳುಗಳು ಮಕ್ಕಳಿಗೆ ಕಲ್ಲುಸಕ್ಕರೆಯಂತೆ ಕಾಣುತ್ತವೆ, ಬೀಗ ಹಾಕಿಡಿರಿ. ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಬಲಿಪೀಠಕ್ಕೆ ನಾವು ತರುವ ದ್ರಾಕ್ಷಾರಸವನ್ನು ಮಾನವರ ದುಡಿಮೆಯ ಫಲವೆನ್ನುತ್ತೇವೆ. ಆ ದುಡಿಮೆಯವನ ಉಸಿರೂ ನಮ್ಮ ಹೊಣೆ. ತೋಟದ ಯಜಮಾನರೇ, ಮುಂದಿನ ಸಲ ಮೈಲುತುತ್ತ ಕೊಳ್ಳುವಾಗ ಕೂಲಿಯವನಿಗೊಂದು ಮುಖಗವಸನ್ನೂ ಕೊಳ್ಳಿರಿ.