ಕೆಸರಿನಲ್ಲಿ ಆಹಾರ ಹುಡುಕುವ ಹಕ್ಕಿಗಳು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಗದ್ದೆಬಯಲುಗಳಲ್ಲಿ ನೀರು ನಿಲ್ಲುವ ಕಾಲಕ್ಕೆ ಉದ್ದ ಕಾಲಿನ ಹಕ್ಕಿಗಳು ಬಂದಿಳಿಯುವುದನ್ನು ನಮ್ಮ ವಾಚಕರು ನೋಡಿಯೇ ಇರುವರು. ಅವೆಲ್ಲವನ್ನೂ ಕೊಕ್ಕರೆಯೆಂದು ಕರೆದು ಸುಮ್ಮನಾಗುವುದು ನಮ್ಮ ವಾಡಿಕೆ. ಆದರೆ ಒಂದೇ ಕೆಸರಿನಲ್ಲಿ ಕಾಲಿಟ್ಟ ಹಕ್ಕಿಗಳು ಒಂದೇ ವಿಧವಾಗಿ ಉಣ್ಣುವುದಿಲ್ಲ. ಕೆಲವು ಕಣ್ಣನ್ನು ನಂಬಿವೆ, ಕೆಲವು ಕೊಕ್ಕಿನ ಸ್ಪರ್ಶವನ್ನು.

ಕಣ್ಣನ್ನು ನಂಬಿದವುಗಳಲ್ಲಿ ಬಕವು ಮುಖ್ಯವಾದುದು. ಮಣ್ಣುಬಣ್ಣದ ಈ ಹಕ್ಕಿ ಕುತ್ತಿಗೆಯನ್ನು ಹುದುಗಿಸಿಕೊಂಡು ಬದುವಿನ ಪಕ್ಕದಲ್ಲಿ ನಿಂತರೆ ಹೆಂಟೆಯೋ ಹಕ್ಕಿಯೋ ತಿಳಿಯದು. ಹಾರಿದಾಗಲೇ ಬಿಳಿಯ ರೆಕ್ಕೆಗಳು ಕಾಣುವುವು. ಕಪಟಭಕ್ತಿಗೆ ಬಕಧ್ಯಾನವೆಂದು ಹೆಸರಿಟ್ಟವರು ಹಕ್ಕಿಗೆ ಅನ್ಯಾಯವನ್ನೇ ಮಾಡಿದರು. ಅಲುಗಿದರೆ ಮೀನು ಓಡುವುದು, ಆದಕಾರಣ ಅದು ಅಲುಗದೆ ನಿಲ್ಲುತ್ತದೆ, ಅಷ್ಟೇ. ಮಡಿಚಿಕೊಂಡ ಕುತ್ತಿಗೆ ಸಮಯ ಬಂದಾಗ ಬಾಣದಂತೆ ಮುಂದಕ್ಕೆ ಚಾಚುವುದು. ಇಲ್ಲಿ ಒಂದು ತೊಡಕುಂಟು. ನೀರಿನಲ್ಲಿ ಅದ್ದಿದ ಕೋಲು ಮುರಿದಂತೆ ತೋರುವುದನ್ನು ನಾವು ತರಗತಿಯಲ್ಲಿ ಕಲಿತಿದ್ದೇವೆ. ಅದೇ ಕಾರಣದಿಂದ, ಮೇಲಿನಿಂದ ನೋಡುವವರಿಗೆ ಮೀನು ತಾನಿರುವ ಆಳಕ್ಕಿಂತ ಮೇಲೆ ಕಾಣುವುದು. ಬಕದ ಜಾತಿಯ ಹಕ್ಕಿಗಳು ಈ ವ್ಯತ್ಯಾಸವನ್ನು ಸರಿಪಡಿಸಿಕೊಂಡೇ ಕುಕ್ಕುವುವೆಂದು ಪರೀಕ್ಷೆಗಳಿಂದ ಗೊತ್ತಾಗಿದೆ. ಶೃಂಗೇರಿಯ ತುಂಗಾತೀರದಲ್ಲಿ ಹಾವೊಂದು ಕಪ್ಪೆಗೆ ಹೆಡೆಯ ನೆರಳನ್ನಿತ್ತಿತೆಂದು ಐತಿಹ್ಯವಿದೆ. ಬಕದಿಂದ ಅಂಥ ದಯೆಯನ್ನು ಯಾವ ಕಪ್ಪೆಯೂ ನಿರೀಕ್ಷಿಸಲಾರದು.

ಸಣ್ಣ ಬೆಳ್ಳಕ್ಕಿಯ ಕಾಲು ಕಪ್ಪು, ಪಾದ ಹಳದಿ. ಅದು ಪಾದವನ್ನು ನೀರೊಳಗೆ ಅಲುಗಿಸಿ, ಅಡಗಿದ ಜೀವಿಗಳನ್ನು ಬೆದರಿಸಿ ಎಬ್ಬಿಸಿ ಹಿಡಿಯುತ್ತದೆ. ಟಿಟ್ಟಿಭವಾದರೋ ನಾಲ್ಕು ಹೆಜ್ಜೆ ಓಡಿ, ನಿಂತು, ನೋಡಿ, ಬಗ್ಗಿ ಹುಳುವನ್ನು ಹೆಕ್ಕುವುದು.

ಉಲ್ಲಂಕಿಯ ಕ್ರಮವೇ ಬೇರೆ. ಉತ್ತರದ ಶೀತದೇಶಗಳಿಂದ ಚಳಿಗಾಲಕ್ಕೆ ಬರುವ ಈ ಹಕ್ಕಿಯ ಕೊಕ್ಕು ತಲೆಗಿಂತ ಬಹಳ ಉದ್ದ. ಅದನ್ನು ಬುಡದವರೆಗೂ ಕೆಸರಿನಲ್ಲಿ ಊರಿದಾಗ ಕಣ್ಣಿನಿಂದ ಪ್ರಯೋಜನವೇನು? ಕೊಕ್ಕಿನ ತುದಿಯಲ್ಲಿ ಸ್ಪರ್ಶದ ನರಗಳು ಕಿಕ್ಕಿರಿದಿವೆ. ಎರೆಹುಳು ತಗುಲಿದೊಡನೆ ತುದಿಯೊಂದೇ ಇಕ್ಕುಳದಂತೆ ಬಾಯ್ದೆರೆಯುವುದು. ಉಳಿದ ಭಾಗ ಮುಚ್ಚಿಯೇ ಇರುವುದು. ಕಣ್ಣುಗಳು ತಲೆಯಲ್ಲಿ ಬಹಳ ಹಿಂದಕ್ಕೆ ಇರುವುದರಿಂದ ಉಣ್ಣುವಾಗಲೂ ಹಿಂಬದಿಯ ಶತ್ರು ಕಾಣುವನು.

ಸ್ಪರ್ಶದ ವೇಗಕ್ಕೆ ನಮ್ಮ ಸೀಮೆಯ ಆಚೆಯ ಒಂದು ನಿದರ್ಶನವನ್ನು ಹೇಳಬೇಕು. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ನೀರಿನಲ್ಲಿಟ್ಟು ನಡೆಯುತ್ತದೆ. ಅದರ ಅಮೆರಿಕದ ಬಂಧುವೊಂದರ ಕಣ್ಣನ್ನು ಮುಚ್ಚಿ ಪರೀಕ್ಷಿಸಿದಾಗಲೂ ಅದು ಮೀನನ್ನು ಹಿಡಿಯಿತು. ಮೀನು ತಾಗಿದ ಮೇಲೆ ಕೊಕ್ಕು ಮುಚ್ಚಲು ಸೆಕೆಂಡಿನ 40ರಲ್ಲಿ ಒಂದು ಪಾಲು ಸಾಕಾಯಿತೆಂದು 1960ರ ದಶಕದಲ್ಲಿ ಪ್ರಕಟವಾಯಿತು.

ಇಂಥ ಹಕ್ಕಿಗಳಿಗೆ ನೀರಿನ ಆಳವೇ ಸರ್ವಸ್ವ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರು ನರಸಿಂಹರಾಜಪುರದ ಬಳಿಗೆ ಬಂದಿದೆ. ಮಳೆಗಾಲದಲ್ಲಿ ಅದು ತುಂಬಿದಾಗ ನಡೆದು ಉಣ್ಣುವ ಹಕ್ಕಿಗೆ ಅಲ್ಲಿ ಕಾಲು ನಿಲುಕದು. ಬೇಸಿಗೆಯಲ್ಲಿ ನೀರು ತಗ್ಗಿ ಕೆಸರಿನ ಅಂಚು ತೋರಿದಾಗ ಊಟ ದೊರೆಯುವುದು. ಗದ್ದೆಯ ತೆಳುನೀರು ಹೀಗೆ ಏರಿಳಿಯುವುದಲ್ಲ. ಆದರೆ ಮಲೆನಾಡಿನಲ್ಲಿ ಎಷ್ಟೋ ಗದ್ದೆಗಳು ಅಡಕೆ ತೋಟಗಳಾಗಿವೆ. ದನಗಳ ಹಿಂದೆ ನಡೆದು ಮಿಡತೆ ಹಿಡಿಯುವ ಬೆಳ್ಳಕ್ಕಿಗಳು ಹೇಗೋ ಬದುಕಿಕೊಳ್ಳುವುವು. ಉಲ್ಲಂಕಿಗೆ ಕೊಕ್ಕು ಇಳಿಯುವಷ್ಟು ಮೆತ್ತನೆಯ ಮಣ್ಣೇ ಬೇಕು.